ಈ ಸಂದಿ ಯಾರದು

"ಸಾಹೇಬ್ರ, ಈ ಹುಡುಗಗ ಸಂದಿ ಯಾಕ್ರಿ? ಇವರವ್ವ ಊರ ಕಸಾ ಬಳದ್ಲು, ಇವ ಊರ ಚೂರಿ ಮಸೀತಾನ. ಸಾಲ್ಯಾಗ ಏಳನೇತ್ತ ದಾಟಿಲ್ಲ. ತನ್ನ ಹೆಸರ ಬರಿಯೂದ್ರಾಗ ಅರ್ಧಾ ನಾಲಿಗಿ ಹೊರಗ ಬರತೈತಿ. ನೋಡ್ರಿಲ್ಲೆ, ನೋಡ್ರಿ! ಇಂಥಾವ ಮಾಲಕ ಅಂತ!"

ಪಕ್ಕದ ಮನೆಯ ಅಡಿವೆಪ್ಪ ಹೀಗಂದದ್ದು ಪುರಸಭೆಯ ಹಾಲ್‌ನಲ್ಲಿ, ಸಾಲುಮನೆಗಳ ಅಷ್ಟೂ ಜನ ಕೂತಿದ್ದಾಗ. ನಾನು ಆಗ ಮನೆ ಕೊಳ್ಳುವ ಅರ್ಜಿಗೆ ಸಹಿ ಹಾಕುತ್ತಿದ್ದೆ. ನಾಲಿಗೆ ನಿಜವಾಗಿಯೂ ಹೊರಗಿತ್ತು. ಅದಕ್ಕೇ ಜನ ಅಷ್ಟು ನಕ್ಕರು. ಹಿಂದಿನ ಸಾಲಿನಲ್ಲಿದ್ದ ನನ್ನವ್ವ ಹುಲಿಗೆವ್ವ ಸೆರಗಿನ ತುದಿ ಹಿಡಿದುಕೊಂಡು ನೆಲ ನೋಡಿದಳು. ಇಪ್ಪತ್ತಾರು ವರ್ಷ ಈ ಊರಿನ ಬೀದಿ ಗುಡಿಸಿದವಳು, ಆ ಹಾಲ್‌ನ ನೆಲವನ್ನೂ ಗುಡಿಸಿದವಳು, ಅಲ್ಲಿಯ ಕುರ್ಚಿಯ ಮೇಲೆ ಅವತ್ತೇ ಮೊದಲ ಸಲ ಕೂತಿದ್ದಳು.

ನಾನು ಉತ್ತರ ಕೊಡದೆ ಬಿಟ್ಟವನಲ್ಲ. ಸಾಲಿ ಬಿಟ್ಟದ್ದೂ ಹಾಗೆಯೇ. ಮಾಸ್ತರು ಒಂದು ಅಂದರು, ನಾನು ಎರಡಂದೆ, ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದೆ, ಮತ್ತೆ ಹೋಗಲಿಲ್ಲ. ಈಗಲೂ ಪೆನ್ನು ಮೇಜಿನ ಮೇಲೆ ಕುಕ್ಕಿ ಎದ್ದು ನಿಂತೆ.

"ನನಗಾದ್ರ ನಾಳೆ ಹೆಂಡ್ತಿ ಬರ್ತಾಳ, ಮಕ್ಕಳಾಗ್ತಾವ. ನಿಮ್ಮನಿಗೆ ಯಾರ ಬರಾವ್ರದಾರ ಕಾಕಾ? ನಿಮ್ಮ ಹೆಣಾ ಒಯ್ಯಾವ್ರು ಮುಂದಿನ ಬಾಗಲಾಗಿಂದನ ಒಯ್ತಾರ. ನಿಮಗ್ಯಾಕ ಸಂದಿ?"

ಈ ಸಲ ಯಾರೂ ನಗಲಿಲ್ಲ. ಅಡಿವೆಪ್ಪನ ಪಕ್ಕದಲ್ಲಿ ಅವನ ಹೆಂಡತಿ ನಿಂಬೆವ್ವ ಕೂತಿದ್ದಳು. ಅವಳಿಗೆ ಮಕ್ಕಳಿಲ್ಲ, ಕಣ್ಣೂ ಕಾಣುವುದಿಲ್ಲ. ನನ್ನ ದನಿ ಕೇಳಿದ ಕಡೆ ಮುಖ ತಿರುಗಿಸುವುದು ಅವಳ ರೂಢಿ. ಅವತ್ತೂ ತಿರುಗಿಸಿದ್ದಳು.

ನಮ್ಮೂರಿನಲ್ಲಿ ಎರಡು ಮನೆಗಳ ನಡುವಿನ ಸಂದಿ, ತನ್ನನ್ನು ಯಾರು ಮೊದಲು ತಮ್ಮದೆನ್ನುತ್ತಾರೋ ಅವರ ಜೊತೆ ಹೋಗುತ್ತದೆ. ಬಾಡಿಗೆಗೆ ಇರುವವರೆಗೆ ಚಿಂತೆಯಿಲ್ಲ. ಮನೆಯೂ ಪುರಸಭೆಯದು, ಸಂದಿಯೂ ಪುರಸಭೆಯದು, ನೀವು ಎಷ್ಟು ಕೂಗಿದರೂ ಅದು ಅಲ್ಲಾಡುವುದಿಲ್ಲ. ಮನೆ ಕೊಂಡುಕೊಳ್ಳುವಾಗ ಮಾತ್ರ ನೆಲ ಅಳೆಯುವ ಮೋಜಣಿ ಸಾಹೇಬರು ಬಂದು, ಸಂದಿಯ ಈ ತುದಿಯಿಂದ ಆ ತುದಿಗೆ ಸರಪಳಿ ಎಳೆಸಿ, ಮೂರು ಸಲ ಕೇಳುತ್ತಾರೆ: ಈ ಸಂದಿ ಯಾರದು? 'ನಂದು' ಎಂದು ಯಾರ ದನಿ ಮೊದಲು ಬೀಳುತ್ತದೋ ಅವರ ಹೆಸರಿಗೆ ಅಲ್ಲೇ ಸುತ್ತಿಗೆ ಬಡಿದು ಕಲ್ಲು ನೆಡುತ್ತಾರೆ. ಕಲ್ಲು ಕೂತ ಕೂಡಲೇ ಇನ್ನೊಂದು ಮನೆಯ ಪಕ್ಕದ ಬಾಗಿಲಿನ ಚೌಕಟ್ಟು ಬಿಗಿಯತೊಡಗುತ್ತದೆ. ಸಂಜೆಗೆ ಅಲ್ಲಿ ಗೋಡೆ. ಆಮೇಲೆ ಬೇರೆಯವರು ಆ ಸಂದಿಗೆ ಕಾಲಿಟ್ಟರೆ, ಎಷ್ಟು ನಡೆದರೂ ಹೊಕ್ಕ ಜಾಗದಲ್ಲೇ ಹೊರಗೆ ಬರುತ್ತಾರೆ. ಕರುಣೆಯಿಂದ ಬಿಟ್ಟುಕೊಡುತ್ತೇನೆಂದರೂ ಆಗದು. ಪೋಸ್ಟಿನವನು, ಹಾಲಿನವನು ಎಲ್ಲರೂ ಸಂದಿಯ ಬಾಯಲ್ಲಿ ನಿಂತೇ ಕೂಗುತ್ತಾರೆ.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಗಿರಣಿ ಓಣಿಯ ದರ್ಜಿ ತನ್ನ ಬಾಗಿಲು ಹೋದ ಜಾಗದಲ್ಲಿ ಕ್ಯಾಲೆಂಡರ್ ತೂಗುಹಾಕಿದ್ದಾನೆ. ಅವನ ತಾಯಿ ಇವತ್ತಿಗೂ ಚೊಂಬು ಹಿಡಿದು ಕ್ಯಾಲೆಂಡರಿನ ತನಕ ಹೋಗಿ, ಒಂದು ಗಳಿಗೆ ನಿಂತು, ತಿರುಗಿ ಬರುತ್ತಾಳೆ. ಇಬ್ಬರೂ ಒಟ್ಟಿಗೇ 'ನಂದು' ಎಂದದ್ದಕ್ಕೆ ಉದ್ದುದ್ದ ಸೀಳಿ ಹೋದ ಸಂದಿಯೊಂದು ಸಂತೆಪೇಟೆಯಲ್ಲಿದೆ, ಅದರಲ್ಲೀಗ ಕೋಳಿಗಳಷ್ಟೇ ಓಡಾಡುತ್ತವೆ. ಮೂರು ಸಲಕ್ಕೂ ಯಾರೂ ಬಾಯಿ ಬಿಡದಿದ್ದರೆ ಸರಪಳಿ ಸುತ್ತಿಕೊಂಡು ಹೋಗುತ್ತಾರೆ, ಬಾಗಿಲು ಎರಡೂ ಉಳಿಯುತ್ತವೆ, ಮುಂದಿನ ವರ್ಷ ಅದೇ ದಿನ ಮತ್ತೆ ಬಂದು ಕೇಳುತ್ತಾರೆ. ಹಾಗೆ ಉಳಿದ ಸಂದಿ ಊರಿಗೆಲ್ಲ ಒಂದೇ ಒಂದು, ಎಣ್ಣೆಗಾಣದ ಹತ್ತಿರದ ಅಕ್ಕ ತಂಗಿಯರದು. ಹನ್ನೊಂದು ವರ್ಷದಿಂದ ಇಬ್ಬರೂ ಸುಮ್ಮನಿದ್ದಾರೆ. ಉಳಿದವರಿಗೆ ಅಷ್ಟು ಧೈರ್ಯ ಎಲ್ಲಿಯದು? ನಾನು ಸುಮ್ಮನಿದ್ದಾಗ ಅವನು ಅಂದುಬಿಟ್ಟರೆ?

ಆದ್ದರಿಂದ ಮೋಜಣಿ ಹತ್ತಿರ ಬಂತೆಂದರೆ ಗಂಟಲು ಕೆಟ್ಟೀತೆಂದು ಊರಿನಲ್ಲಿ ಮೊಸರು ಖರ್ಚಾಗುವುದಿಲ್ಲ, ಜ್ಯೇಷ್ಠಮಧು ಸಿಗುವುದಿಲ್ಲ. ಕೊರಳಿಗೆ ಬಟ್ಟೆ ಸುತ್ತಿಕೊಂಡವರು ಎದುರಾದರೆ, "ಯಾವತ್ತ ಐತ್ರಿ ನಿಮ್ಮದು?" ಎಂದು ಕೇಳುವುದು ವಾಡಿಕೆ. ನಮ್ಮದು ಇದ್ದದ್ದು ಒಂಬತ್ತು ದಿನಕ್ಕೆ.

ನಮ್ಮ ಮನೆ, ಅಡಿವೆಪ್ಪನ ಮನೆ ಅಕ್ಕಪಕ್ಕ. ನಡುವಿನ ಸಂದಿಯಲ್ಲಿ ಒಬ್ಬ ಮನುಷ್ಯ ಎರಡೂ ಕೈ ಚಾಚಲಾರ. ಎರಡು ಮನೆಯ ಪಕ್ಕದ ಬಾಗಿಲೂ ಅದಕ್ಕೇ ತೆರೆಯುತ್ತವೆ. ಸಂದಿಯ ಕೊನೆಗೆ ಹಿತ್ತಲು, ಅಲ್ಲಿ ಎರಡು ಮನೆಗೂ ಸೇರಿ ಒಂದು ನಲ್ಲಿ. ನನ್ನ ಸಾಣೆಗಾಡಿ ಇರುವುದೂ ಆ ಹಿತ್ತಲಿನಲ್ಲೇ. ಮನೆಯ ಮುಂದೆ ನಾಲ್ಕು ಮೆಟ್ಟಿಲು, ಅವುಗಳ ಮೇಲೆ ಆ ಭಾರದ ಕಲ್ಲು ಹತ್ತಿಸಲಾಗದು. ಹಿಂದಿನ ಗಾಡಿಯನ್ನು ಒಂದೇ ಒಂದು ದಿನ ಬೀದಿಯಲ್ಲಿ ಬಿಟ್ಟೆ, ಬೆಳಗಾಗುವುದರಲ್ಲಿ ಇರಲಿಲ್ಲ. ಸಂದಿ ಹೋದರೆ ಗಾಡಿ ಹೋಯಿತು, ಗಾಡಿ ಹೋದರೆ ನನಗೆ ಬೇರೆ ಕಸುಬು ಬರುವುದಿಲ್ಲ.

ನಿಂಬೆವ್ವನಿಗೆ ಆ ಸಂದಿ ಏನು ಎಂಬುದನ್ನೂ ಹೇಳಬೇಕು. ಅವಳು ತನ್ನ ಬಾಗಿಲಿನಿಂದ ಹೊರಬಿದ್ದು, ನಮ್ಮ ಮನೆಯ ಗೋಡೆಗೆ ಬಲಗೈ ಹಚ್ಚಿ, ಮೂವತ್ತೊಂದು ಹೆಜ್ಜೆ ನಡೆದರೆ ನಲ್ಲಿ. ಕೊಡ ತುಂಬಿಕೊಂಡು ಎಡಗೈ ಹಚ್ಚಿ ಬಂದರೆ ಮನೆ. ಕಣ್ಣಿದ್ದವರಿಗಿಂತ ಬೇಗ ನಡೆಯುತ್ತಾಳೆ. ಅವ್ವ ನಸುಕಿನಲ್ಲೇ ಕಸಬರಿಗೆ ಹಿಡಿದು ಹೋಗುವಾಗ ನನ್ನನ್ನು ಎತ್ತಿ ಅವಳ ಬಾಗಿಲಲ್ಲಿ ಇಳಿಸುತ್ತಿದ್ದಳು. ನನ್ನ ಬಾಯಿಗೆ ಮೊದಲ ರೊಟ್ಟಿ ಮುರಿದಿಟ್ಟದ್ದು ನಿಂಬೆವ್ವ. ನನಗೆ ಅವಳು ಚಿಗವ್ವ, ಚಿಕ್ಕ ತಾಯಿ. ಈಗಲೂ, ಇಪ್ಪತ್ತಮೂರು ವರ್ಷದ ಗಂಡಸಾದರೂ, ಗಾಡಿ ತಳ್ಳಿಕೊಂಡು ಅವಳ ಬಾಗಿಲು ದಾಟುವಾಗ ಒಳಗಿನಿಂದ ದನಿ ಬರುತ್ತಿತ್ತು: "ಯಮನೂರಿ, ಉಂಡೇನೋ?" "ಹೂಂ ಚಿಗವ್ವಾ." ಇದು ದಿನದ ಮಾತು, ಅದಿಲ್ಲದೆ ಗಾಡಿ ಬೀದಿಗಿಳಿದದ್ದು ನೆನಪಿಲ್ಲ.

ಪುರಸಭೆಯ ಹಾಲ್‌ನ ಆ ಮಾತಿನ ಮರುದಿನ ನಾನು ಗಾಡಿ ತಳ್ಳಿಕೊಂಡು ಹೊರಟೆ. ಬಾಗಿಲು ತೆರೆದಿತ್ತು. ಒಳಗೆ ಮೊರದಲ್ಲಿ ಜೋಳ ಕೇರುವ ಸಪ್ಪಳವಿತ್ತು. ನನ್ನ ಗಾಲಿಯ ಸದ್ದು ಹತ್ತಿರವಾದಂತೆ ಮೊರ ನಿಂತಿತು. ದಾಟುವವರೆಗೂ ನಿಂತೇ ಇತ್ತು. ಅಷ್ಟೆ. ಯಾರೂ ಏನೂ ಕೇಳಲಿಲ್ಲ.

ಅವತ್ತು ಪೇಟೆಯಲ್ಲಿ ಮಸೆದ ಚೂರಿಗಳೆಲ್ಲ ಬೇಕಾದ್ದಕ್ಕಿಂತ ತೆಳ್ಳಗಾದವು. ಕಟುಕರ ರಾಜೇಸಾಬ ತನ್ನ ಕತ್ತಿಯನ್ನು ಬೆಳಕಿಗೆ ಹಿಡಿದು, "ಏನಪಾ, ಇದು ಮಾಂಸಾ ಕೊಯ್ಯೂದೋ ಗಾಳಿ ಕೊಯ್ಯೂದೋ?" ಎಂದ. ನಾನು ಕಾಲಿನಿಂದ ಚಕ್ರ ತುಳಿಯುತ್ತ, ಕಿಡಿಗಳ ನಡುವೆ, ನಂದು, ನಂದು, ನಂದು ಎಂದು ರೂಢಿ ಮಾಡುತ್ತಿದ್ದೆ. ಉಸಿರು ಮೊದಲೇ ಎಳೆದಿಟ್ಟುಕೊಳ್ಳಬೇಕು, ಸಾಹೇಬರು 'ಯಾರ' ಅನ್ನುವಾಗಲೇ ಬಾಯಿ ತೆರೆದಿರಬೇಕು. ಅಡಿವೆಪ್ಪ ಸಾಮಾನ್ಯನಲ್ಲ. ಪುರಸಭೆಯಲ್ಲಿ ನೀರು ಬಿಡುವ ಕೆಲಸ ಮಾಡಿದವನು. ಮೂವತ್ತು ವರ್ಷ ಓಣಿ ಓಣಿಯಲ್ಲಿ "ನೀರ ಬಂತ್ರವ್ವೋ" ಎಂದು ಕೂಗಿದ ಗಂಟಲು. ಊರಿನವರೆಲ್ಲ ಅವನೇ ಗೆಲ್ಲುತ್ತಾನೆಂದರು. ಅದು ನನ್ನ ಸಿಟ್ಟಿಗೆ ಇನ್ನಷ್ಟು ಗಾಳಿ ಹಾಕಿತು.

ಮನೆಯಲ್ಲಿ ಅವ್ವ ಮಾತು ಕಡಿಮೆ ಮಾಡಿದ್ದಳು. ಮೂರನೆಯ ದಿನ ನಾನೇ ಕೇಳಿದೆ.

"ಏನಾತು ನಿನಗ? ಅಂವ ನಿನ್ನ ಅಂದ, ನಾ ಅವಂಗಂದೆ. ತಪ್ಪೇನು?"

"ಅಂವ ಹೆದರ್ಯಾನ. ಹೆದರಿದ ನಾಯಿ ಬೊಗಳತೈತಿ," ಎಂದಳು ಅವ್ವ, ಮೊಳಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ. "ನೀ ಯಾಕ ಬೊಗಳಿದಿ? ನೀ ಅಂದದ್ದು ಅವಗ ಹತ್ತಲಿಲ್ಲ. ಹತ್ತಬಾರದಾಕಿಗೆ ಹತ್ತಿತು."

"ಹಂಗಾದ್ರ ಸಂದಿ ಬಿಟ್ಟಕೊಡ್ಲೇನು? ಗಾಡಿ ತಲೀಮ್ಯಾಲ ಹೊತ್ತಕೊಂಡ ತಿರಗಲೇನು?"

"ನಾ ಎಲ್ಲಿ ಹಂಗಂದೆ? ಹೇಳು, ನಿಂದೇ ಅನ್ನು. ನಮ್ಮ ಹೆಸರಿಲೆ ಒಂದು ಮನಿ ಆಗಲಿ ಅಂತ ನನಗೂ ಐತಿ." ಎಣ್ಣೆಯ ಬಟ್ಟಲು ಮುಚ್ಚಿದಳು. "ಆದ್ರ ಅಕಿ ಕೈಯಾಗಿನ ಅನ್ನ ಉಂಡ ಬಾಯಿಲೆ ಅನ್ನಬೇಕಾಗೇತಲ್ಲ, ಅದನ್ನ ನೋಡ್ಕೋ."

ನಾನು ತಟ್ಟೆ ಸರಿಸಿ ಎದ್ದೆ. ಅವ್ವನಿಗೂ ಉತ್ತರ ಕೊಟ್ಟೆ, ಅದನ್ನಿಲ್ಲಿ ಹೇಳುವುದಿಲ್ಲ.

ಮೋಜಣಿಗೆ ನಾಲ್ಕು ದಿನವಿರುವಾಗ, ಅಳತೆಯ ಗುರುತು ಕಾಣುವ ಹಾಗೆ ಸಂದಿಯ ಗೋಡೆಗಳಿಗೆ ಅವರವರು ಸುಣ್ಣ ಬಳಿಯಬೇಕೆಂದು ಪುರಸಭೆಯವರು ಡಂಗುರ ಸಾರಿದರು. ನಾನು ಬಕೆಟ್ಟು, ಕುಂಚ ಹಿಡಿದು ನಮ್ಮ ಗೋಡೆಗೆ ನಿಂತೆ. ಮೇಲಿನಿಂದ ಬಳಿಯುತ್ತ ಸೊಂಟದ ಮಟ್ಟಕ್ಕೆ ಬಂದೆ. ಅಲ್ಲಿ ಒಂದು ಗೆರೆ ಇತ್ತು. ನಮ್ಮ ಗೋಡೆಯ ಉದ್ದಕ್ಕೂ, ನಿಂಬೆವ್ವನ ಬಾಗಿಲಿನ ಎದುರಿನಿಂದ ನಲ್ಲಿಯ ತನಕ, ನಾಲ್ಕು ಬೆರಳಗಲ, ಎಣ್ಣೆ ತಿಕ್ಕಿದ ಹಾಗೆ ಕರ್ರಗೆ ಮಿರುಗುತ್ತಿತ್ತು. ಗಾರೆ ಸವೆದು ತುಸು ಒಳಕ್ಕೆ ಹೋಗಿತ್ತು. ಬೆರಳಿಟ್ಟರೆ ಗಾಜಿನಷ್ಟು ನುಣುಪು. ದಿನವೂ ಅದರ ಪಕ್ಕದಲ್ಲೇ ಗಾಡಿ ತಳ್ಳುತ್ತಿದ್ದೆ, ಒಮ್ಮೆಯೂ ನೋಡಿರಲಿಲ್ಲ.

ಬಳಿದುಬಿಡೋಣ ಎಂದು ಕುಂಚ ಅದ್ದಿದೆ. ಅಷ್ಟರಲ್ಲಿ ಕೆಳಗೆ ಇನ್ನೊಂದು ಕಂಡಿತು. ನನ್ನ ಮೊಳಕಾಲಿಗಿಂತ ತುಸು ಮೇಲೆ, ಇಷ್ಟೇ ಇಷ್ಟು ಅಗಲದ್ದು, ಮಸುಕು ಮಸುಕಾಗಿ, ಮೇಲಿನ ಗೆರೆ ಹೋದಲ್ಲೆಲ್ಲ ಅದರ ಹಿಂದೆಯೇ ಹೋಗಿತ್ತು. ಯಾವ ನಾಯಿ ಮೈ ತಿಕ್ಕಿತೋ ಎಂದುಕೊಂಡೆ. ಆಮೇಲೆ ನೆನಪಾಯಿತು. ನಾನು ಕಣ್ಣು ಮುಚ್ಚಿ, ಒಂದು ಕೈಯಲ್ಲಿ ಚಿಗವ್ವನ ಸೀರೆಯ ನೆರಿಗೆ, ಇನ್ನೊಂದು ಕೈ ಗೋಡೆಗೆ ಹಚ್ಚಿ, ಅವಳ ಹಿಂದೆ ನಲ್ಲಿಗೆ ಹೋಗುತ್ತಿದ್ದೆ. ಅವಳು ಎಣಿಸುತ್ತಿದ್ದಳು, ನಾನೂ ಎಣಿಸುತ್ತಿದ್ದೆ. ಸಾಲಿಗೆ ಹೋಗುವ ಮೊದಲೇ ನನಗೆ ಮೂವತ್ತೊಂದರ ತನಕ ಬರುತ್ತಿತ್ತು. "ಕಣ್ಣ ತಗದಿಯೇನೋ ಕಳ್ಳ?" ಎಂದು ನಡುವೆ ಕೇಳುತ್ತಿದ್ದಳು. ತೆಗೆದಿದ್ದರೂ ಇಲ್ಲ ಎನ್ನುತ್ತಿದ್ದೆ. ಅದೊಂದು ಸುಳ್ಳನ್ನು ಅವಳು ಎಂದೂ ಹಿಡಿಯಲಿಲ್ಲ. ಹಿಡಿಯಲು ಬರುತ್ತಿರಲಿಲ್ಲವೋ, ಇಷ್ಟವಿರಲಿಲ್ಲವೋ.

ಎರಡು ಗೆರೆ ಬಿಟ್ಟು ಉಳಿದ ಗೋಡೆಗೆ ಸುಣ್ಣ ಹಚ್ಚಿದೆ. ಆಚೆ ಮನೆಯವರು ಬಗ್ಗಿ ನೋಡಿ, "ಇದೇನೋ ಪಟ್ಟಾಪಟ್ಟಿ ಚಡ್ಡಿ ಹಂಗ?" ಎಂದರು. "ಸುಣ್ಣ ತೀರೇತಿ," ಎಂದೆ. ಬಕೆಟ್ಟಿನಲ್ಲಿ ಅರ್ಧದಷ್ಟು ಉಳಿದಿತ್ತು.

ಇಷ್ಟಕ್ಕೇ ಸಿಟ್ಟು ಇಳಿಯಿತೆಂದು ತಿಳಿಯಬೇಡಿ. ಗೆರೆ ನೋಡಿದ ಮೇಲೆ ಸಿಟ್ಟಿಗೆ ನಿಲ್ಲಲು ಜಾಗ ಸಿಗದೆ ಅದು ಎಲ್ಲರ ಮೇಲೂ ಹಾಯತೊಡಗಿತು. ಪುರಸಭೆಯ ಮೇಲೆ, ಸರಪಳಿಯ ಮೇಲೆ, ಮೂರು ಅಡಿ ನೆಲಕ್ಕೆ ಮೂರು ಸಲ ಕೇಳುವ ಈ ಊರಿನ ಮೇಲೆ.

ಮೋಜಣಿಯ ಹಿಂದಿನ ದಿನ ಅವ್ವ ಸುದ್ದಿ ತಂದಳು. ಅಡಿವೆಪ್ಪನ ದನಿ ಹೋಗಿತ್ತು. ನಾಲ್ಕು ದಿನದಿಂದ ದಿನವೂ ನೀರಿನ ಟಾಕಿ ಹತ್ತಿ, ಯಾರಿಗೂ ಕೇಳದಿರಲೆಂದು ಅದರ ಒಳಗೆ ತಲೆ ತೂರಿಸಿ, 'ನಂದು ನಂದು' ಎಂದು ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದನಂತೆ. ಟಾಕಿಯಲ್ಲಿ ಅದು ಹತ್ತು ಪಟ್ಟಾಗಿ, ನಲ್ಲಿಗಳಲ್ಲೆಲ್ಲ ಕೇಳಿ, ಅರ್ಧ ಊರು ನಕ್ಕಿತ್ತಂತೆ. "ಈಗ ನೀರ ಕೇಳಾಕೂ ಕೈಸನ್ನಿ ಮಾಡತಾನ," ಎಂದಳು ಅವ್ವ. ನಗಲಿಲ್ಲ. ನಾನು ನಗಬೇಕೆಂದುಕೊಂಡೆ, ಬಾಯಿ ಅರ್ಧ ಅಗಲವಾಗಿ ನಿಂತಿತು. ಪಿಸುಮಾತಿನಲ್ಲಿ ಅಂದರೂ ಸಂದಿಗೆ ಕೇಳುತ್ತದೆ, ಅದು ಖರೆ. ಆದರೆ ಆ ಗಂಟಲಿನಿಂದ ಒಂದು ಮಾತು ಹೊರಬೀಳುವುದರೊಳಗೆ ನಾನು ನಾಲ್ಕು ಸಲ ಅಂದು ಮುಗಿಸುತ್ತಿದ್ದೆ. ಸಂದಿ ನನ್ನದಾಗಿತ್ತು.

ಸಂಜೆ ಪೇಟೆಯಿಂದ ತಿರುಗಿ ಬರುತ್ತಿದ್ದೆ. ದೊಡ್ಡರಸ್ತೆಯಲ್ಲಿ, ಬೇಕರಿಯ ಹತ್ತಿರ, ನಿಂಬೆವ್ವ ಕಂಡಳು. ಒಬ್ಬಳೇ ಇದ್ದಳು. ಕಂಕುಳಲ್ಲಿ ಖಾಲಿ ಕೊಡ, ಕೈಯಲ್ಲಿ ಒಂದು ಕೋಲು. ಅವಳ ಕೈಯಲ್ಲಿ ಕೋಲನ್ನು ನಾನು ಅದುವರೆಗೆ ನೋಡಿರಲಿಲ್ಲ. ನನ್ನ ಗಾಡಿಯ ಸದ್ದು ಅವಳಿಗೆ ಗೊತ್ತು. ಗಾಡಿಯನ್ನು ಅಲ್ಲೇ ಬಿಟ್ಟೆ, ಚಪ್ಪಲಿ ಕಳೆದೆ, ಹಿಂದೆ ನಡೆದೆ.

ಅವಳು ಎಣಿಸುತ್ತಿದ್ದಳು. ಅರವತ್ತೆರಡು, ಅರವತ್ತಮೂರು. ಬಲಗೈ ಅಭ್ಯಾಸದಿಂದ ಗೋಡೆಗಾಗಿ ಹೊರಗೆ ಚಾಚುತ್ತಿತ್ತು, ಗೋಡೆ ಇರಲಿಲ್ಲ, ಮತ್ತೆ ಸೆರಗಿಗೆ ಬರುತ್ತಿತ್ತು. ಸೈಕಲ್ಲೊಂದು ಮೊಣಕೈ ಸವರಿಕೊಂಡು ಹೋಯಿತು. ನಿಂತಳು. ಎಣಿಕೆ ತಪ್ಪಿತು. ಹಿಂದಕ್ಕೆ ಹೋಗಿ ಬೇಕರಿಯ ಕಟ್ಟೆ ಮುಟ್ಟಿ ಮೊದಲಿನಿಂದ ಶುರು ಮಾಡಿದಳು.

ಬೇಕರಿಯವನು ಕೇಳಿದ, "ಎಲ್ಲಿಗೆ ಹೊಂಟಿ ನಿಂಬೆವ್ವ?"

"ಮೂಲಿ ನಲ್ಲಿಗೆಪಾ. ಹೊಸಾ ದಾರಿ ಕಲ್ಯಾಕತ್ತೇನಿ. ನಾಳೆ ಸಂದಿ ನಂದಂತ ಹುಡುಗ ಹೇಳ್ತಾನಲ್ಲ."

"ನಿನ್ನ ಗಂಡಾನೂ ಅದಾನಲ್ಲ?"

"ಅವರ ಗಂಟಲ ಕೆಟ್ಟೇತಿ ಬಿಡು. ಇಲ್ಲಂದ್ರೂ ಹುಡುಗಂದ ಗಟ್ಟಿ ಐತಿ." ನಿಂಬೆವ್ವ ನಕ್ಕಳು. ಕೋಲನ್ನು ಬಗಲಿಗೆ ಸಿಕ್ಕಿಸಿ ಕೊಡ ಸರಿಮಾಡಿಕೊಂಡಳು. "ಸಣ್ಣಾಂವ ಇದ್ದಾಗ ಹೆಂಗ ಅಳತಿದ್ದ ಅಂತೀ! ಅವರವ್ವ ಮೂರ ಓಣಿ ಆಚೆ ಕಸಾ ಹೊಡೀತಿದ್ಲು, ಅಲ್ಲಿಗೆ ಕೇಳತಿತ್ತು. ಗೆಲ್ಲಲೇಳು. ಅವನ ಕಲ್ಲಗಾಡಿ ಎಲ್ಲೆ ನಿಂದರಬೇಕು ಪಾಪ?"

ಆ ಮಾತಿನಲ್ಲಿ ಮುಳ್ಳು ಹುಡುಕಿದೆ. ನಾನು ಅಂಥವನು, ಎಲ್ಲರ ಮಾತಿನಲ್ಲೂ ಹುಡುಕುತ್ತೇನೆ. ಸಿಗಲಿಲ್ಲ. ಬೇಕರಿಯ ಕಟ್ಟೆಯಿಂದ ಬೀದಿ ಮೂಲೆಯ ನಲ್ಲಿಯವರೆಗೆ ನೂರಾ ನಲವತ್ತು ಹೆಜ್ಜೆ. ಅವಳು ಮುಟ್ಟುವ ತನಕ ಹಿಂದೆಯೇ ಇದ್ದೆ. ಒಂದು ಎಮ್ಮೆ ಅಡ್ಡ ಬಂದಾಗ ಅದರ ಕೊಂಬು ಹಿಡಿದು ಆಚೆ ನೂಕಿದೆ. "ಯಾರಪಾ?" ಎಂದಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಮೋಜಣಿ ಸಾಹೇಬರು ಬಂದರು. ಸರಪಳಿ ಹಿಡಿಯುವವರು ಇಬ್ಬರು, ಕಲ್ಲು ಸುತ್ತಿಗೆಯವನು ಒಬ್ಬ. ಸಂದಿಯ ಬೀದಿಯ ಕಡೆ ಜನ ಕಿಕ್ಕಿರಿದಿದ್ದರು. ಅಡಿವೆಪ್ಪ ತನ್ನ ಪಕ್ಕದ ಬಾಗಿಲಲ್ಲಿ ಉಣ್ಣೆಯ ಮಫ್ಲರ್ ಸುತ್ತಿಕೊಂಡು ನಿಂತಿದ್ದ, ದವಡೆಯಲ್ಲಿ ಲವಂಗ. ಅವನ ಹಿಂದೆ ನಿಂಬೆವ್ವ, ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ. ನಮ್ಮ ಹೊಸ್ತಿಲ ಮೇಲೆ ಅವ್ವ ಕೂತಿದ್ದಳು, ನನ್ನ ಕಡೆ ನೋಡಲಿಲ್ಲ. ನಾನು ನಲ್ಲಿಯ ಹತ್ತಿರ, ನನ್ನ ಗಾಡಿಗೆ ಒರಗಿ ನಿಂತಿದ್ದೆ. ಉಸಿರು ಎಳೆದಿಟ್ಟುಕೊಂಡಿದ್ದೆ.

ಸರಪಳಿ ನೆಲದ ಮೇಲೆ ನೆಟ್ಟಗಾಯಿತು. ಸಾಹೇಬರು ಗೋಡೆಯ ಪಟ್ಟೆಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ಒಂದನೇ ಸಲ ಕೇಳ್ತೀನ್ರಪಾ. ಈ ಸಂದಿ ಯಾರದು?"

ಮಾತು ನನ್ನ ಹಲ್ಲಿನ ತನಕ ಬಂತು. ಅಡಿವೆಪ್ಪ ಬಾಯಿ ತೆರೆದ, ಗಾಳಿಯಷ್ಟೇ ಬಂತು, ಉಗುಳು ನುಂಗಿಕೊಂಡ. ನನ್ನನ್ನು ನೋಡಿದ. ಮುಗಿಯಿತೆಂದು ಅವನಿಗೆ ಗೊತ್ತಾಯಿತು. ಆಗ ಅವನು ಒಂದು ಕೆಲಸ ಮಾಡಿದ. ಕೈ ಹಿಂದಕ್ಕೆ ಚಾಚಿ, ಚೌಕಟ್ಟಿನ ಮೇಲಿದ್ದ ಹೆಂಡತಿಯ ಕೈಯನ್ನು ಹುಡುಕಿ, ಬಿಸಿ ಪಾತ್ರೆಯಿಂದ ಮಗುವಿನ ಕೈ ತೆಗೆಯುವ ಹಾಗೆ ಮೆಲ್ಲಗೆ ಎತ್ತಿ ತೆಗೆದ. ಬಾಗಿಲು ಬಿಗಿಯುವಾಗ ಬೆರಳು ಸಿಕ್ಕೀತೆಂದು. ತೆಗೆದ ಕೈಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡ.

"ಎರಡನೇ ಸಲ. ಈ ಸಂದಿ ಯಾರದು?"

ನಾನು ಗಾಡಿಯ ಹಿಡಿಕೆ ಎತ್ತಿದೆ. ಗಾಲಿ ಕಿರುಗುಟ್ಟಿತು. ಸರಪಳಿಯ ಪಕ್ಕದಲ್ಲೇ ತಳ್ಳಿಕೊಂಡು ಹೊರಟೆ.

"ಲೇ, ಎಲ್ಲಿಗೋ? ಇನ್ನೊಂದ ಸಲ ಐತಲೇ!" ಎಂದು ಬೀದಿಯ ಕಡೆಯಿಂದ ಯಾರೋ ಕೂಗಿದರು. "ಹುಚ್ಚ ಹಿಡೀತೇನ ಇವಗ?" ಹೊಸ್ತಿಲ ಮೇಲೆ ಅವ್ವ ಕಾಲು ಒಳಗೆ ಎಳೆದುಕೊಂಡು ಗಾಡಿಗೆ ದಾರಿ ಬಿಟ್ಟಳು. ಎದುರು ಬಾಗಿಲಲ್ಲಿ ಅಡಿವೆಪ್ಪ ಕಾಕಾ ಗಾಡಿಯ ಅಂಚು ಹಿಡಿದ. ಕಣ್ಣು ಕೆಂಪಗಿದ್ದವು. ಗೊಗ್ಗರು ದನಿಯಲ್ಲಿ, ಎಲ್ಲರೆದುರಿಗೆ ಅಂದ:

"ಯಾಕೋ? ಅವತ್ತ ಅಷ್ಟ ಇತ್ತಲ್ಲ ಬಾಯಿ, ಇವತ್ತ ಬಿದ್ದ ಹೋತೇನು? ಗಂಡಸಾದ್ರ ಹೇಳಿ ಹೋಗು!"

ಅದಕ್ಕೂ ನನ್ನ ಹತ್ತಿರ ಉತ್ತರವಿತ್ತು. ಒಳ್ಳೆಯ ಉತ್ತರ, ಜನ ನಾಲ್ಕು ದಿನ ನೆನೆಸಿಕೊಳ್ಳುವಂಥದ್ದು. ಅವನ ಕೈ ಸಡಿಲಾಗುವ ತನಕ ನಿಂತಿದ್ದು, ತಳ್ಳಿಕೊಂಡು ಮುಂದೆ ಹೋದೆ. ಜನ ಎರಡು ಪಾಲಾದರು. ಬೀದಿಗೆ ಬಂದೆ.

"ಮೂರನೇ ಸಲ. ಈ ಸಂದಿ ಯಾರದು?"

ತಿರುಗಿ ನೋಡಲಿಲ್ಲ. ಕಾಕಾ ಅನ್ನಬಹುದಿತ್ತು. ಎಷ್ಟು ನಿಧಾನವಾಗಿ ಬೇಕಾದರೂ ಅನ್ನಬಹುದಿತ್ತು, ಮೊದಲು ಅನ್ನುವವರು ಈಗ ಬೇರೆ ಯಾರೂ ಇರಲಿಲ್ಲ. ಸಂಜೆ ಬಂದಾಗ ಗಾಡಿ ಎಲ್ಲಿ ನಿಲ್ಲಿಸಲಿ ಎಂದು ಯೋಚಿಸುತ್ತ, ಸುತ್ತಿಗೆಯ ಸದ್ದಿಗೆ ಕಿವಿ ಇಟ್ಟು, ಹೆಜ್ಜೆ ಎಣಿಸುತ್ತ ನಡೆದೆ. ಹತ್ತು, ಹನ್ನೊಂದು. ಯಾರೋ ಬಹಳ ಹೊತ್ತು ಕೆಮ್ಮಿದರು. ಹದಿನೆಂಟು. ಸುತ್ತಿಗೆ ಬೀಳಲಿಲ್ಲ. ಇಪ್ಪತ್ತನಾಲ್ಕಕ್ಕೆ, ಸರಪಳಿಯನ್ನು ಕೊಂಡಿಯ ಮೇಲೆ ಕೊಂಡಿ ಹಾಕಿ ಸುತ್ತಿಕೊಳ್ಳುವ ಸದ್ದು ಕೇಳಿಸಿತು.

ಆಮೇಲೆ ಸಂದಿಯ ಒಳಗಿನಿಂದ, ಅಷ್ಟು ಜನರ ಗದ್ದಲದ ಮೇಲೆ ದಾಟಿಕೊಂಡು, ಒಂದು ದನಿ ಬಂತು.

"ಯಮನೂರಿ, ಉಂಡೇನೋ?"

ಬಾಯಿ ತೆರೆದರೆ ಏನು ಹೊರಬೀಳುತ್ತಿತ್ತೋ ನನಗೇ ಭರವಸೆ ಇರಲಿಲ್ಲ. ಗಾಡಿ ತಳ್ಳಿಕೊಂಡು ಪೇಟೆಯ ಕಡೆ ಹೋದೆ.